ದೊಡ್ಡ ದಿನದ ವೃಂದಗಾನ

ಡಿಸೆಂಬರ್ ಕೊನೆಯ ವಾರ ಕೋಲ್ಕತ್ತದಲ್ಲಿ ಹಿಮ ಬೀಳುವುದಿಲ್ಲ. ಮೈದಾನದ ಹುಲ್ಲಿನ ಮೇಲೆ ಮುಂಜಾನೆಯ ಮಂಜು ಕವಿದಿರುತ್ತದೆ. ಮಿಠಾಯಿ ಅಂಗಡಿಗಳಿಗೆ ಈಚಲ ರಸದ ಹೊಸ ಬೆಲ್ಲ ಬಂದಿರುತ್ತದೆ. ಕ್ರಿಸ್‌ಮಸ್ಸಿಗೆ ಬಂಗಾಳಿಗಳಿಟ್ಟ ಹೆಸರು ‘ಬೊಡೊದಿನ್’, ಅಂದರೆ ದೊಡ್ಡ ದಿನ. ಯುರೋಪಿನ ಕಡುಚಳಿಯ ನಾಡುಗಳಲ್ಲಿ ಹುಟ್ಟಿದ ಬರೋಕ್ ಕಾಲದ ಭಕ್ತಿಸಂಗೀತ ಈ ಊರಿನಲ್ಲಿ ಯಾರ ಸ್ವತ್ತು ಎಂಬುದು ಕೇಳಬೇಕಾದ ಪ್ರಶ್ನೆ.

ಮೈದಾನದ ಅಂಚಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲನ್ನು ನೋಡಿದರೆ ಉತ್ತರ ಸುಲಭವೆನಿಸುತ್ತದೆ. ಬಿಷಪ್ ಡೇನಿಯಲ್ ವಿಲ್ಸನ್ 1839ರಲ್ಲಿ ಅಡಿಗಲ್ಲಿಟ್ಟು, 1847ರಲ್ಲಿ ಪ್ರತಿಷ್ಠಾಪಿಸಿದ ಈ ಕಟ್ಟಡ ಆಳುವವರ ಆರಾಧನಾಸ್ಥಳವಾಗಿತ್ತು. 1897 ಮತ್ತು 1934ರ ಭೂಕಂಪಗಳು ಅದರ ಶಿಖರವನ್ನು ಕೆಡವಿದವು; ಇಂದಿನ ಗೋಪುರ ಕ್ಯಾಂಟರ್ಬರಿಯ ಮಾದರಿಯದು. ಆರ್ಗನ್ನೂ ಗಾಯಕವೃಂದವೂ ಆಂಗ್ಲರ ಜೊತೆಯಲ್ಲೇ ಬಂದವು. ಆದರೆ ಸಂಗೀತದ ಚರಿತ್ರೆ ಕಟ್ಟಡದ ಚರಿತ್ರೆಯಷ್ಟು ಸರಳವಲ್ಲ.

ಹ್ಯಾಂಡೆಲನ ‘ಮೆಸ್ಸಾಯ’ವನ್ನೇ ನೋಡಿ. 1741ರಲ್ಲಿ ಇಪ್ಪತ್ತನಾಲ್ಕು ದಿನಗಳಲ್ಲಿ ರಚಿತವಾದ ಈ ಕೃತಿಯನ್ನು ಮೊದಲು ಹಾಡಿದ್ದು ಡಬ್ಲಿನ್ನಿನಲ್ಲಿ, 1742ರ ಏಪ್ರಿಲ್ 13ರಂದು. ಕ್ರಿಸ್‌ಮಸ್ಸಿನ ನಂಟು ಅನಂತರದ್ದು. ಅಂದು ಕೂಡಿದ ಹಣದಿಂದ ಎರಡು ಆಸ್ಪತ್ರೆಗಳಿಗೆ ನೆರವಾಯಿತು, ಸಾಲ ತೀರಿಸಲಾಗದೆ ಸೆರೆಯಲ್ಲಿದ್ದ 142 ಮಂದಿಗೆ ಬಿಡುಗಡೆಯಾಯಿತು. 1750ರಿಂದ ಲಂಡನ್ನಿನ ಅನಾಥಶಿಶುಗಳ ಆಶ್ರಯಧಾಮಕ್ಕಾಗಿ ಅದನ್ನು ವರ್ಷವರ್ಷವೂ ಹಾಡಲಾಯಿತು. ಹಾಗಾಗಿ ಅದರ ಬಾಳು ಮೊದಲಿನಿಂದಲೂ ಇಲ್ಲದವರೊಂದಿಗೆ ಬೆಸೆದುಕೊಂಡಿದೆ.

ಬಾಖ್‌ನ ಹಾದಿ ಬೇರೆ. 1734ರ ಕ್ರಿಸ್‌ಮಸ್ಸಿನಿಂದ 1735ರ ಜನವರಿ 6ರವರೆಗಿನ ಆರು ಹಬ್ಬದ ದಿನಗಳಿಗೆಂದು ಲೈಪ್‌ಜಿಗ್‌ನಲ್ಲಿ ಅವನು ಹೊಂದಿಸಿದ ‘ಕ್ರಿಸ್‌ಮಸ್ ಒರಟೋರಿಯೊ’ದೊಳಗೆ ಸಾಮಾನ್ಯ ಭಕ್ತರು ಹಾಡುತ್ತಿದ್ದ ಜರ್ಮನ್ ಕೀರ್ತನೆಗಳ ಧಾಟಿಗಳಿವೆ. ಕನ್ನಡಿಗರಿಗೂ ಈ ಪರಂಪರೆ ತೀರ ಹೊರಗಿನದಲ್ಲ: 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಕೀರ್ತನೆಗಳನ್ನು ಕನ್ನಡಕ್ಕೆ ತಂದರು. ಮಾತು ನಮ್ಮದಾಯಿತು, ಧಾಟಿ ಉಳಿಯಿತು.

ಕೋಲ್ಕತ್ತದಲ್ಲಿ ಆ ಒಗ್ಗುವಿಕೆ ನಡೆದದ್ದು ಊರಂಚಿನ ಬೆಹಾಲದಲ್ಲಿ. 1880ರಲ್ಲಿ ಈ ನಗರದಲ್ಲಿ ಆರಂಭವಾದ ಆಕ್ಸ್‌ಫರ್ಡ್ ಮಿಷನ್ನಿನ ಪಾದ್ರಿ ಥಿಯೋಡೋರ್ ಮ್ಯಾಥಿಸನ್ ಸ್ವತಃ ಚೆಲ್ಲೊ ವಾದಕರು. ಬಂಗಾಳದ ಹಳ್ಳಿಗಳ ಬಡ ಹುಡುಗರ ಕೈಗೆ ಅವರು ಪಿಟೀಲನ್ನೂ ಚೆಲ್ಲೊವನ್ನೂ ಕೊಟ್ಟು ತಂತಿವಾದ್ಯಗಳ ಒಂದು ಮೇಳವನ್ನೇ ಕಟ್ಟಿದರು. ಅಲ್ಲಿ ಕಲಿತ ಅನೂಪ್ ಕುಮಾರ್ ಬಿಸ್ವಾಸ್ ಲಂಡನ್ನಿನಲ್ಲಿ ಶಿಕ್ಷಣ ಮುಂದುವರಿಸಿ ಚೆಲ್ಲೊ ಕಲಾವಿದರಾದರು. 1994ರಲ್ಲಿ ಗುರುವಿನ ಹೆಸರಿನಲ್ಲಿ ಬಡಮಕ್ಕಳಿಗಾಗಿ ಸಂಗೀತ ಶಾಲೆಯೊಂದನ್ನು ತೆರೆದರು.

ಇದನ್ನು ವಸಾಹತಿನ ಕೊಡುಗೆಯೆಂದು ಹೊಗಳುವುದೂ ಪರಕೀಯವೆಂದು ತಳ್ಳುವುದೂ ಅರ್ಧಸತ್ಯ. ಶಾಂತಿನಿಕೇತನದಲ್ಲಿ 1910ರಿಂದ ಕ್ರಿಸ್ತೋತ್ಸವ ನಡೆಸಿದ ರವೀಂದ್ರನಾಥರು ಯಾವ ಮತದ ಅಪ್ಪಣೆಯನ್ನೂ ಬೇಡಲಿಲ್ಲ. ತವರಿನಿಂದ ದೂರ ಬಾಳುವ ನಮಗೆ ಈ ಮಾತು ಬೇಗ ಅರ್ಥವಾಗಬೇಕು: ಹಾಡು ಹುಟ್ಟಿದ ನೆಲದ ಋಣ ದೊಡ್ಡದೇ, ಆದರೂ ಅದನ್ನು ಉಳಿಸಿಕೊಳ್ಳುವವರು ದಿನವೂ ಕೂತು ಸಾಧನೆ ಮಾಡುವವರು. ಬೆಹಾಲದ ಮಕ್ಕಳಿಗೆ ಬಾಖ್‌ನ ಮೇಲಿರುವ ಹಕ್ಕು ಲೈಪ್‌ಜಿಗ್‌ನವರ ಹಕ್ಕಿಗಿಂತ ಕಡಿಮೆಯದಲ್ಲ.