ರೈಸ್ (ಪ್ರಥಮ ಚಿಕಿತ್ಸೆ)

ರೈಸ್ ಎಂಬುದು ಮಾಂಸಖಂಡ ಹಾಗೂ ಕೀಲುಗಳಿಗೆ ಹಠಾತ್ತನೆ ಪೆಟ್ಟಾದಾಗ ಅನುಸರಿಸುವ ಪ್ರಥಮ ಚಿಕಿತ್ಸಾ ಕ್ರಮ. ರೆಸ್ಟ್ (ವಿಶ್ರಾಂತಿ), ಐಸ್ (ಮಂಜುಗಡ್ಡೆ), ಕಂಪ್ರೆಷನ್ (ಬಿಗಿಪಟ್ಟಿ) ಮತ್ತು ಎಲಿವೇಷನ್ (ಎತ್ತರಿಸುವಿಕೆ) ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ಇದನ್ನು ಪ್ರಚುರಪಡಿಸಿದರು.

ಕ್ರಮ

ಪಾದ ಹೊರಳಿ ಕೀಲು ಉಳುಕಿದಾಗ ಸಾಮಾನ್ಯವಾಗಿ ಹೊರಬದಿಯ ಅಸ್ಥಿರಜ್ಜುಗಳು ಹಿಗ್ಗುತ್ತವೆ ಅಥವಾ ಹರಿಯುತ್ತವೆ. ಆಗ ಆಟ, ಓಡಾಟಗಳನ್ನು ನಿಲ್ಲಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10ರಿಂದ 20 ನಿಮಿಷ ಇಡಬೇಕು. ಚರ್ಮಕ್ಕೆ ನೇರವಾಗಿ ತಾಗಿಸಬಾರದು. ಕ್ರೇಪ್ ಬ್ಯಾಂಡೇಜ್ ಸುತ್ತಿ, ಬೆರಳುಗಳು ಜೋಮು ಹಿಡಿದರೆ ಅಥವಾ ನೀಲಿಗಟ್ಟಿದರೆ ಸಡಿಲಿಸಬೇಕು. ಕಾಲನ್ನು ಹೃದಯದ ಮಟ್ಟಕ್ಕಿಂತ ಎತ್ತರದಲ್ಲಿರಿಸಬೇಕು. ಮೊದಲ ಎರಡು ಮೂರು ದಿನ ಬಿಸಿ ಶಾಖ ಕೊಡಬಾರದು.

ಪರಿಷ್ಕರಣೆ

ಉರಿಯೂತವು ಗಾಯ ಮಾಯುವ ಪ್ರಕ್ರಿಯೆಯ ಭಾಗವೇ ಆಗಿದೆ. ಆದ್ದರಿಂದ ಮಂಜುಗಡ್ಡೆ ಹಾಗೂ ಸಂಪೂರ್ಣ ವಿಶ್ರಾಂತಿ ಚೇತರಿಕೆಯನ್ನು ತಡಮಾಡಬಹುದೆಂದು ಮಿರ್ಕಿನ್ ಅವರೇ ಮುಂದೆ ಅಭಿಪ್ರಾಯ ಬದಲಿಸಿದರು. ಇಂದು ಮಂಜುಗಡ್ಡೆಯನ್ನು ಮುಖ್ಯವಾಗಿ ನೋವು ತಗ್ಗಿಸಲು ಬಳಸಲಾಗುತ್ತದೆ. ದೀರ್ಘ ವಿಶ್ರಾಂತಿಯ ಬದಲು, ಕೆಲವು ದಿನಗಳ ಬಳಿಕ ನೋವು ಸಹಿಸುವಷ್ಟೇ ಭಾರ ಹಾಕುತ್ತ ಕ್ರಮೇಣ ನಡೆದಾಡುವಂತೆ ಸಲಹೆ ನೀಡಲಾಗುತ್ತದೆ.

ಎಚ್ಚರಿಕೆ

ಪೆಟ್ಟಾದ ಕಾಲಿನ ಮೇಲೆ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಪಾದದ ಕೀಲಿನ ಇಕ್ಕೆಲದ ಮೂಳೆ ಒತ್ತಿದಾಗ ನೋವಾದರೆ ಅಥವಾ ಕೀಲಿನ ಆಕಾರ ಬದಲಾಗಿದ್ದರೆ ಮೂಳೆ ಮುರಿದಿರುವ ಸಾಧ್ಯತೆಯಿದ್ದು, ವೈದ್ಯರನ್ನು ಕಾಣಬೇಕು, ಎಕ್ಸ್-ರೇ ಅಗತ್ಯವಾಗಬಹುದು. ಅದಕ್ಕೂ ಮುನ್ನ ಉಳುಕು ತೆಗೆಸಲೆಂದು ಎಳೆಯುವುದು, ನೀವುವುದು ಅಪಾಯಕರ. ಮುರಿದ ಮೂಳೆ ಇನ್ನಷ್ಟು ಸರಿಯಬಹುದು.