ಹೊಗೆಸೊಪ್ಪು, ಹೃದಯ ಮತ್ತು ನಮ್ಮ ಸೀಮೆ

2025ರ ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವವರೆಗೆ ನಮ್ಮ ಜಿಲ್ಲೆಯ ಹೆಸರು ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಊರಿನ ಹೆಸರು ಬದಲಾಗುತ್ತಿತ್ತೇ ಹೊರತು ಸುದ್ದಿ ಒಂದೇ: ಹೃದಯಾಘಾತದಿಂದ ಸಾವು. ಸತ್ತವರಲ್ಲಿ ಹಲವರು ನನ್ನ ಶಿಷ್ಯರ ವಯಸ್ಸಿನವರು. ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಕೊರೋನಾ ಲಸಿಕೆಯೇ ಕಾರಣವೆಂದು ಮನೆಮನೆಯಲ್ಲೂ ಮಾತು.

ಸರ್ಕಾರವು ನೇಮಿಸಿದ್ದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕಕ್ಕೆ ಬೇರೆಯೇ ಕಾರಣಗಳಿದ್ದವು. ಉಳಿದ 20 ಹೃದಯಕ್ಕೆ ಸಂಬಂಧಿಸಿದವು. ಸಾವುಗಳ ಸಂಖ್ಯೆ ಹಠಾತ್ತನೆ ಏರಿಲ್ಲವೆಂದೂ, ಮಧುಮೇಹ, ರಕ್ತದೊತ್ತಡ, ಬೊಜ್ಜು, ಮದ್ಯಪಾನ, ಧೂಮಪಾನಗಳೇ ಹಿನ್ನೆಲೆಯಲ್ಲಿವೆಯೆಂದೂ ತಿಳಿದುಬಂತು. ಲಸಿಕೆಯ ಮೇಲಿನ ಆರೋಪವನ್ನು ತಜ್ಞರು ಒಪ್ಪಲಿಲ್ಲ. ಆ ಪಟ್ಟಿಯ ಕೊನೆಯ ಪದವನ್ನು ಓದಿದಾಗ ನನಗೆ ನೆನಪಾದದ್ದು ಬೀಡಿಯಲ್ಲ, ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಬ್ಯಾರನ್‌ಗಳು.

ಈ ಎಲೆ ನಮ್ಮ ಮಣ್ಣಿನದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದಿತು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗನು ಇದನ್ನು ಮೊದಲು ಕಂಡದ್ದು ನಮ್ಮ ಬಿಜಾಪುರದಲ್ಲಿ. ಅವನು ರತ್ನಖಚಿತ ಹುಕ್ಕಾ ಸಮೇತ ಅದನ್ನು ಬಾದಶಹನಿಗೆ ಒಯ್ದೊಪ್ಪಿಸಿದಾಗ ಅಕ್ಬರನು ಕೆಲವು ದಮ್ಮು ಎಳೆದನೆಂದೂ, ಆಸ್ಥಾನದ ವೈದ್ಯನು ಆಕ್ಷೇಪಿಸಿದನೆಂದೂ ಅವನೇ ಬರೆದಿಟ್ಟಿದ್ದಾನೆ. ಆ ವೈದ್ಯನ ಬಳಿ ಪುರಾವೆ ಇರಲಿಲ್ಲ, ಅನುಮಾನವಷ್ಟೇ ಇತ್ತು. ಪುರಾವೆ ದೊರೆಯಲು ಮುನ್ನೂರೈವತ್ತು ವರ್ಷಗಳೇ ಬೇಕಾದವು. ಅಷ್ಟರಲ್ಲಿ ನಸ್ಯ, ಬೀಡಿ, ಎಲೆಯಡಿಕೆಯೊಡನೆ ಕಡ್ಡಿಪುಡಿ ಎಲ್ಲವೂ ನಮ್ಮ ಜಗಲಿಗಳಲ್ಲಿ ಬೇರುಬಿಟ್ಟಿದ್ದವು.

ಭಾರತದ ಸಂಸತ್ತು 1975ರಲ್ಲಿ ಎರಡು ಶಾಸನಗಳನ್ನು ಮಾಡಿತು. ಒಂದು, ಸಿಗರೇಟಿನ ಪೊಟ್ಟಣದ ಮೇಲೆ ಅದು ಆರೋಗ್ಯಕ್ಕೆ ಹಾನಿಕರವೆಂದು ಅಚ್ಚು ಹಾಕಿಸಿದ ಕಾಯಿದೆ. ಇನ್ನೊಂದು, ತಂಬಾಕು ಮಂಡಳಿಯನ್ನು ಹುಟ್ಟುಹಾಕಿದ ಕಾಯಿದೆ. ಒಂದೇ ವರ್ಷ, ಒಂದೇ ಸಭಾಭವನ! ಮಂಡಳಿ 1976ರ ಜನವರಿಯಲ್ಲಿ ಅಸ್ತಿತ್ವಕ್ಕೆ ಬಂತು. 1984ರಲ್ಲಿ ಕರ್ನಾಟಕದಲ್ಲಿ ಅದರ ಹರಾಜು ಪದ್ಧತಿ ಆರಂಭವಾಯಿತು. ಹುಣಸೂರು, ಪಿರಿಯಾಪಟ್ಟಣಗಳಂತೆಯೇ ನಮ್ಮ ರಾಮನಾಥಪುರವೂ, ಕಾವೇರಿ ದಂಡೆಯ ಆ ಪುಣ್ಯಕ್ಷೇತ್ರ, ಹರಾಜು ಮಾರುಕಟ್ಟೆಯಾಯಿತು. ರೈತನನ್ನು ದೂರುವುದು ಸುಲಭ. ಆದರೆ ರಾಗಿ ಬೆಳೆದು ಕಾಣದ ಹಣವನ್ನು ಅವನು ವರ್ಜೀನಿಯಾ ಸೊಪ್ಪಿನಲ್ಲಿ ಕಂಡಿದ್ದ.

ನಾನು ಆ ಕಾಲದಲ್ಲಿ ಅದೇ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಆಷಾಢ ಶ್ರಾವಣಗಳಲ್ಲಿ ಹಾಜರಿ ಪುಸ್ತಕದ ತುಂಬ ಗೈರುಹಾಜರಿಯ ಗುರುತುಗಳು. ಮಕ್ಕಳು ಮನೆಯಲ್ಲಿ ಕುಳಿತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಆ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಸಾಲಾಗಿ ತೂಗುಹಾಕಿ, ಸೌದೆಯ ಬೆಂಕಿಯಿಂದ ಕೊಳವೆಗಳನ್ನು ಕಾಯಿಸಿ, ಐದಾರು ದಿನ ಹಗಲಿರುಳೂ ಹದ ನೋಡಿ ಬೇಯಿಸಬೇಕು. ಶಾಲೆಗೆ ಮರಳಿದ ಹುಡುಗರ ಬೆರಳುಗಳಿಗೆ ಕಪ್ಪು ಜಿಗಟು ಅಂಟಿರುತ್ತಿತ್ತು. ಕೆಲವರಿಗೆ ತಲೆಸುತ್ತು, ಓಕರಿಕೆ. ಖಾಲಿ ಹೊಟ್ಟೆಯಲ್ಲಿ ಬಂದಿರಬೇಕೆಂದು ಬಗೆದು ನೀರು ಕುಡಿಸಿ ಮಲಗಿಸುತ್ತಿದ್ದೆ. ಒಬ್ಬನನ್ನು, ನೆಪ ಹೇಳುತ್ತಾನೆಂದು ಗದರಿಸಿಯೂ ಇದ್ದೇನೆ. ಎಲೆಯ ಮೇಲಿನ ಮಂಜು, ಮಳೆ, ಬೆವರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕವೇ ರಕ್ತ ಸೇರುತ್ತದೆ, ಅದಕ್ಕೆ ಹಸಿ ತಂಬಾಕಿನ ಕಾಯಿಲೆಯೆಂದೇ ಹೆಸರಿದೆ ಎಂಬುದು ನಿವೃತ್ತನಾದ ಮೇಲೆ ಓದಿ ತಿಳಿದದ್ದು.

ರಕ್ತ ಸೇರಿದ ನಿಕೋಟಿನ್ ಅಡ್ರಿನಲಿನ್ ಸ್ರವಿಸುವಂತೆ ಮಾಡುತ್ತದೆ. ನಾಡಿಬಡಿತವೂ ರಕ್ತದೊತ್ತಡವೂ ಏರುತ್ತವೆ. ಹೊಗೆಯಾದರೆ ಇನ್ನೂ ಕೇಡು. ಅದರ ಇಂಗಾಲದ ಮಾನಾಕ್ಸೈಡ್ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ, ರಕ್ತನಾಳದ ಒಳಪದರ ಒರಟಾಗುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಆರಂಭವಾದ ಅಧ್ಯಯನವು 1960ರ ಸುಮಾರಿಗೆ ಸಿಗರೇಟಿಗೂ ಹೃದ್ರೋಗಕ್ಕೂ ಇರುವ ನಂಟನ್ನು ತೋರಿಸಿತು. ಅದು ಬಿಳಿಯರ ಕಥೆ ಎನ್ನುವಂತಿಲ್ಲ. ಬೆಂಗಳೂರಿನ ರೋಗಿಗಳನ್ನೇ ಪರೀಕ್ಷಿಸಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯಾಘಾತದ ಮುನ್ಸೂಚಕಗಳಲ್ಲಿ ಧೂಮಪಾನವೇ ಮೊದಲು ನಿಂತಿತ್ತು. ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು, ಬೀಡಿ ಸೇದುವವರಲ್ಲಿ ಅಪಾಯ ಸುಮಾರು ಆರೇಳು ಪಟ್ಟು. "ದಿನಕ್ಕೆ ಒಂದೇ ಒಂದು" ಎನ್ನುವ ಮಿತ್ರರಿಗೂ ಸಮಾಧಾನವಿಲ್ಲ: 2018ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಲೇಖನದ ಪ್ರಕಾರ, ಇಪ್ಪತ್ತು ಸೇದುವವನ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಹೆಚ್ಚುಕಡಿಮೆ ಅರ್ಧ ಅವನಿಗೂ ಇರುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. ಸೊಪ್ಪು ಬೆಳೆಯುವ ತಾಲ್ಲೂಕಾದ್ದರಿಂದ ಹೃದಯಾಘಾತ ಹೆಚ್ಚೆಂದು ನಾನು ಹೇಳುತ್ತಿಲ್ಲ. ಚನ್ನರಾಯಪಟ್ಟಣ ತೆಂಗಿನ ಸೀಮೆ. ಅಲ್ಲಿಂದಲೂ ಸಾವಿನ ಸುದ್ದಿ ಬಂತು. ರಾಮನಾಥಪುರದಲ್ಲಿ ಹರಾಜಾದ ಸೊಪ್ಪು ಎಲ್ಲೆಲ್ಲಿಯೋ ಹೊಗೆಯಾಗುತ್ತದೆ.

ಇನ್ನು ಹೊಸ ಕಾಲದ ಸರಕು. ಗುಟ್ಕಾವನ್ನು ರಾಜ್ಯ 2013ರಲ್ಲಿ ನಿಷೇಧಿಸಿತು, ಇ-ಸಿಗರೇಟನ್ನು 2016ರಲ್ಲಿ. 2019ರಲ್ಲಿ ಇಡೀ ದೇಶವೇ ಇ-ಸಿಗರೇಟನ್ನು ನಿಷೇಧಿಸಿತು. 2025ರಲ್ಲಿ ಕರ್ನಾಟಕವು ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ ಹುಕ್ಕಾ ಬಾರ್‌ಗಳನ್ನೂ ಮುಚ್ಚಿಸಿತು. ಕಾಯಿದೆ ಇದ್ದಲ್ಲಿ ಕಳ್ಳದಾರಿಯೂ ಇರುತ್ತದಲ್ಲ!

ಕಳೆದ ಚಳಿಗಾಲದಲ್ಲಿ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಅಂದು ನನ್ನಿಂದ ಗದರಿಸಿಕೊಂಡವನೇ. ಈಗ ಅವನದೇ ಎರಡು ಬ್ಯಾರನ್‌ಗಳಿವೆ. ಬೆಂಗಳೂರಿನಲ್ಲಿ ಓದುವ ಮಗನ ಚೀಲದಲ್ಲಿ ಸಿಕ್ಕಿತೆಂದು ಪೆನ್ನಿನಂಥ ವಸ್ತುವೊಂದನ್ನು ಮೇಜಿನ ಮೇಲಿಟ್ಟ. "ಇದು ಬರೀ ಆವಿಯಂತೆ ಮೇಷ್ಟ್ರೇ, ಹೊಗೆಯೇ ಇಲ್ವಂತೆ. ಎದೆಗೇನೂ ತೊಂದರೆ ಇಲ್ಲ ಅಂತಾನೆ."

ಹೊಗೆಯಿಲ್ಲದ್ದರಿಂದ ಕೆಲವು ವಿಷಗಳು ಕಡಿಮೆಯಿರಬಹುದು, ಆದರೆ ನಿಕೋಟಿನ್ ಹಾಗೆಯೇ ಇರುತ್ತದೆ ಎಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

"ನೀನು ಸೊಪ್ಪು ಕಟ್ಟಿ ಬಂದು ತರಗತಿಯಲ್ಲೇ ವಾಂತಿ ಮಾಡಿಕೊಂಡೆಯಲ್ಲ, ಆವತ್ತು ಎಲ್ಲಿತ್ತಪ್ಪ ಹೊಗೆ?" ಎಂದು ಕೇಳಿದೆ.

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ ಆ ವಸ್ತುವನ್ನು ಜೇಬಿಗೆ ಹಾಕಿಕೊಂಡು, ಮಗನಿಗೆ ಫೋನು ಮಾಡಲು ಜಗಲಿಗೆ ಹೋದ.