ಆಗಸದಲ್ಲಿ ತಪ್ಪಿದ ಡಿಕ್ಕಿಗಳು: ಭಾರತದ ನಾಗರಿಕ ಮತ್ತು ಸೇನಾ ವಿಮಾನಗಳು

ಪ್ರಯಾಣಿಕ ವಿಮಾನವೂ ಸೇನಾ ವಿಮಾನವೂ ಕೂದಲೆಳೆ ಅಂತರದಲ್ಲಿ ಡಿಕ್ಕಿಯಿಂದ ಪಾರಾದ ಘಟನೆಗಳಿಗೆ ಭಾರತದಲ್ಲಿ ಕ್ರಮಬದ್ಧ ಚರಿತ್ರೆಯಿಲ್ಲ. ಆಗಸದ ಡಿಕ್ಕಿಯ ಮಾತು ಬಂದಾಗಲೆಲ್ಲ ದೆಹಲಿ ಸಮೀಪದ ಚರ್ಖಿ ದಾದ್ರಿಯ 1996ರ ನವೆಂಬರ್ 12ರ ದುರಂತವನ್ನು ನೆನೆಯುತ್ತಾರೆ. ಅಲ್ಲಿ ಸೌದಿಯಾದ ಬೋಯಿಂಗ್ 747 ಮತ್ತು ಕಝಾಕಸ್ತಾನದ ಇಲ್ಯೂಶಿನ್-76 ಡಿಕ್ಕಿಯಾಗಿ 349 ಮಂದಿ ಸತ್ತರು. ಇಲ್ಯೂಶಿನ್-76 ಮೂಲತಃ ಸೇನಾ ಸಾಗಣೆಗೆಂದು ರೂಪಿಸಿದ ಮಾದರಿಯಾದರೂ ಅಂದು ಹಾರುತ್ತಿದ್ದದ್ದು ನಾಗರಿಕ ಸಂಸ್ಥೆಯ ವಿಮಾನ. ಸೇನೆಯ ಪಾತ್ರವನ್ನು ಹುಡುಕಬೇಕಾದದ್ದು ವಿಮಾನದಲ್ಲಲ್ಲ, ದಾರಿಯಲ್ಲಿ. ದೆಹಲಿಯ ಸುತ್ತಲಿನ ಆಗಸದ ಬಹುಭಾಗ ವಾಯುಪಡೆಗೆ ಮೀಸಲಾಗಿದ್ದುದರಿಂದ ಬರುವ, ಹೋಗುವ ನಾಗರಿಕ ವಿಮಾನಗಳಿಗೆ ಒಂದೇ ಓಣಿ ಉಳಿದಿತ್ತು. ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಲಾಹೋಟಿ ಆಯೋಗವು, 15,000 ಅಡಿಯಲ್ಲಿ ಇರಬೇಕಿದ್ದ ಕಝಕ್ ವಿಮಾನ ಕೆಳಗಿಳಿದದ್ದೇ ಕಾರಣವೆಂದು ಹೇಳಿತು. ಹಾಗಿದ್ದ ಮೇಲೆ ಮೀಸಲು ಆಗಸವನ್ನು ದೂರುವುದೇಕೆ ಎಂಬ ಆಕ್ಷೇಪ ಸಹಜ. ಆಯೋಗದ ತೀರ್ಮಾನ ಸರಿಯೇ. ಆದರೆ ಎದುರುಬದುರಾಗಿ ಬರುತ್ತಿದ್ದ ಎರಡು ವಿಮಾನಗಳ ನಡುವೆ ಉಳಿದಿದ್ದ ರಕ್ಷಣೆ ಒಂದು ಸಾವಿರ ಅಡಿ ಮಾತ್ರ. ಆಗಿನ ದೆಹಲಿಯ ಪ್ರಾಥಮಿಕ ರೇಡಾರ್ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲ. ದಾರಿಗಳು ಬೇರೆಯಾಗಿದ್ದಿದ್ದರೆ ಸಿಬ್ಬಂದಿಯ ಅದೇ ತಪ್ಪು ಇಷ್ಟು ಜೀವ ತೆಗೆಯುತ್ತಿರಲಿಲ್ಲ. ದುರಂತದ ಬಳಿಕ ಆಗಮನ, ನಿರ್ಗಮನದ ಮಾರ್ಗಗಳನ್ನು ಬೇರ್ಪಡಿಸಿದ್ದು ಈ ಮಾತಿಗೆ ಸಾಕ್ಷಿ.

ನಾಗರಿಕ ಮತ್ತು ಸೇನಾ ವಿಮಾನಗಳು ಆಗಸ ಹಂಚಿಕೊಳ್ಳುವಾಗಿನ ಅಪಾಯದ ಪಾಠ ಅಮೆರಿಕದಲ್ಲಿ ಬೇಗ ದಾಖಲಾಯಿತು. 1958ರ ಏಪ್ರಿಲ್‌ನಲ್ಲಿ ಲಾಸ್ ವೇಗಾಸ್ ಬಳಿ ಯುನೈಟೆಡ್ ವಿಮಾನಕ್ಕೆ ವಾಯುಪಡೆಯ ಜೆಟ್ ಬಡಿದು 49 ಮಂದಿ ಸತ್ತರು. ಅದೇ ವರ್ಷ ಆಗಸದ ನಿಯಂತ್ರಣವನ್ನು ಒಂದೇ ಸಂಸ್ಥೆಗೆ ಒಪ್ಪಿಸುವ ಕಾಯ್ದೆ ಬಂತು. ಜಪಾನಿನಲ್ಲಿ ಇಂಥದೇ 1971ರ ಶಿಜುಕುಯಿಶಿ ಡಿಕ್ಕಿ 162 ಜನರನ್ನು ಬಲಿ ಪಡೆಯಿತು.

ಭಾರತದಲ್ಲಿ 1996ರ ನಂತರ ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ಕೊಡುವ ಉತ್ತರದಿಂದ ಅದರ ಎತ್ತರ ತಿಳಿದು, ಏರು ಅಥವಾ ಇಳಿ ಎಂದು ಪೈಲಟ್‌ಗೆ ಆದೇಶಿಸುವ ಯಂತ್ರವಿದು. 2018ರ ಮೇ 21ರಂದು ವಿಶಾಖಪಟ್ಟಣದಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಗೋ ವಿಮಾನ ಚೆನ್ನೈ ವಾಯುಪ್ರದೇಶದಲ್ಲಿ ವಾಯುಪಡೆಯ ವಿಮಾನದ ಸನಿಹಕ್ಕೆ ಬಂದಾಗ ಇಂಥದೇ ಆದೇಶ ಮೊಳಗಿ ಅಪಾಯ ತಪ್ಪಿತು. ಉಪಕರಣವೇ ಸಾಕಲ್ಲವೇ ಎನ್ನುವವರಿಗೆ ಈ ಘಟನೆ ಒಳ್ಳೆಯ ಆಧಾರವೆನಿಸಬಹುದು. ಆದರೆ ಆದೇಶ ಬಂತೆಂದರೆ ವಾಯುಪಡೆಯ ವಿಮಾನ ತನ್ನ ಎತ್ತರವನ್ನು ತಿಳಿಸುತ್ತಿತ್ತು ಎಂದರ್ಥ. ಟ್ರಾನ್ಸ್‌ಪಾಂಡರ್ ಆರಿಸಿ ಹಾರುವ ಸೇನಾ ವಿಮಾನ ಆ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ.

ದಾಖಲೆಯ ಕೊರತೆ ಇದಕ್ಕಿಂತ ಆಳದ್ದು. ನಾಗರಿಕ ವಿಮಾನಗಳ ಪ್ರಕರಣಗಳೇ ಒಮ್ಮೊಮ್ಮೆ ಮುಚ್ಚಿಹೋಗುತ್ತವೆ: 2022ರ ಜನವರಿಯಲ್ಲಿ ಬೆಂಗಳೂರಿನಿಂದ ಏರಿದ ಎರಡು ಇಂಡಿಗೋ ವಿಮಾನಗಳು ಹತ್ತಿರವಾದದ್ದು ಯಾವ ಲಾಗ್‌ಬುಕ್ಕಿನಲ್ಲೂ ಬರೆದಿರಲಿಲ್ಲವೆಂದು ವರದಿಯಾಯಿತು. ಸೇನಾ ವಿಮಾನಗಳನ್ನಂತೂ 1934ರ ವಿಮಾನ ಕಾಯ್ದೆ ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತ್ತು. ಅವುಗಳ ವಿಚಾರಣೆ ಸೇನೆಯೊಳಗೇ ನಡೆಯುತ್ತದೆ. ಗೋಪ್ಯತೆ ಬೇಕೆಂಬ ವಾದಕ್ಕೆ ಯುದ್ಧಕಾರ್ಯಾಚರಣೆಯಲ್ಲಿ ಬೆಲೆಯುಂಟು, ದಿನನಿತ್ಯದ ಸಾಗಣೆ ಮತ್ತು ತರಬೇತಿ ಹಾರಾಟಕ್ಕೆ ಅದೇ ಮಾತು ಹೊಂದುವುದಿಲ್ಲ. ಗುಜರಾತಿನ ಭುಜ್, ಜಾಮ್‌ನಗರಗಳಲ್ಲಿ, ಕರ್ನಾಟಕದ ಬೀದರ್‌ನಲ್ಲಿ ಪ್ರಯಾಣಿಕರು ಇಳಿಯುವುದು ವಾಯುಪಡೆಯ ರನ್‌ವೇಯಲ್ಲೇ. ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುವಾಗ ದೇವನಹಳ್ಳಿಯ ವಿಮಾನಗಳನ್ನು ಗಂಟೆಗಟ್ಟಲೆ ತಡೆಯಬೇಕಾಗುತ್ತದೆ. 2020ರ ಮೇನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ದೇಶದ ಆಗಸದ ಶೇ. 60ರಷ್ಟು ಮಾತ್ರ ನಾಗರಿಕ ಹಾರಾಟಕ್ಕೆ ಮುಕ್ತವಾಗಿದೆಯೆಂದು ತಿಳಿಸಿ ನಿರ್ಬಂಧ ಸಡಿಲಿಕೆಯನ್ನು ಘೋಷಿಸಿದರು. ಅದರ ಲಾಭವನ್ನು ಲೆಕ್ಕ ಹಾಕಿದ್ದು ವರ್ಷಕ್ಕೆ 1,000 ಕೋಟಿ ರೂಪಾಯಿ ಉಳಿತಾಯವೆಂದು, ಇಂಧನ ಮತ್ತು ಸಮಯದ ಬಾಬತ್ತಿನಲ್ಲಿ.